ಒಂದು ಅಣಬೆ ಹವಳ ಹತ್ತೊಂಬತ್ತಾದದ್ದು

ಮನೆಯ ಉಪ್ಪುನೀರಿನ ಟ್ಯಾಂಕಿಗೆ ನನಗೆ ಬೇಕಾಗಿದ್ದದ್ದು ಮಿದುಳು ಹವಳ. ಹಸಿರು-ಕೆಂಪು ಮಡಿಕೆ ಮಡಿಕೆಯಾಗಿ, ನೀಲಿ ಬೆಳಕಿಗೆ ಹೊಳೆಯುವ ಟ್ರಾಕಿಫಿಲಿಯಾ. ದೊಡ್ಡ ಊರಿನ ಅಂಗಡಿಯವನೊಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸಿ, "ಪಾರ್ಸೆಲ್ ಮಾಡ್ತೀನಿ ಸಾರ್, ಯಾರೂ ಕೇಳಲ್ಲ" ಅಂದ. ಯಾರೂ ಕೇಳಲ್ಲ ಅಂದ ಮೇಲೇ ನನಗೆ ಅನುಮಾನ ಬಂದದ್ದು. ವಿಚಾರಿಸಿದರೆ, ಕಲ್ಲಿನಂಥ ಗೂಡು ಕಟ್ಟುವ ಎಲ್ಲ ಹವಳಗಳೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ಆಸೆ ಬಿಟ್ಟೆ.

ಆಮೇಲೆ ಹೈದರಾಬಾದಿನ ಗೆಳೆಯರೊಬ್ಬರು ತಮ್ಮ ಟ್ಯಾಂಕಿನಿಂದ ಒಂದು ಅಣಬೆ ಹವಳ ಕೊಟ್ಟರು. ಡಿಸ್ಕೋಸೋಮಾ, ಕೆಂಪು ಬಣ್ಣ, ಎರಡಿಂಚು ಅಗಲ. ಇದು ಕಲ್ಲು ಹವಳದ ಹತ್ತಿರದ ನೆಂಟ, ಆದರೆ ಮೈಯಲ್ಲಿ ಎಲುಬಿಲ್ಲ. ಮಿದುಳು ಹವಳವನ್ನು ತುಂಡು ಮಾಡಲು ವಜ್ರದ ಅಲಗಿನ ಗರಗಸ ಬೇಕು. ಇದಕ್ಕೆ ಹೊಸ ಬ್ಲೇಡ್ ಸಾಕು. ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕಲಬುರಗಿಗೆ ತಂದೆ.

ಸಮುದ್ರ ಇಲ್ಲಿಂದ ರಸ್ತೆಯಲ್ಲಿ ನಾನೂರು ಕಿಲೋಮೀಟರ್ ಮೇಲೆ. ಹಾಗಾಗಿ ನೀರು ನಾವೇ ಮಾಡಿಕೊಳ್ಳಬೇಕು. ನಮ್ಮ ಬೋರ್ ನೀರು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 900 ದಾಟುತ್ತದೆ. ಅಡುಗೆಮನೆಯ ಆರ್‌ಒ ಅದನ್ನು 70ಕ್ಕೆ ಇಳಿಸುತ್ತದೆ, ಅದರ ಮುಂದೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಹಾಕಿದರೆ ಸೊನ್ನೆ. ಆ ನೀರಿಗೆ ರೀಫ್ ಸಾಲ್ಟ್ (ಹವಳದ ಟ್ಯಾಂಕಿಗೆಂದೇ ಸಿಗುವ ಉಪ್ಪು) ಕಲಸಿ ಲವಣಾಂಶ 35 ಪಿಪಿಟಿಗೆ, ಅಂದರೆ ಸಾವಿರಕ್ಕೆ 35 ಪಾಲಿಗೆ, ತರುತ್ತೇನೆ. ಅಲ್ಲಿಗೆ ನೀರಿನ ಕತೆ ಮುಗಿಯಿತು. ನಿಜವಾದ ತಲೆನೋವು ಬಿಸಿಲು.

ಟ್ಯಾಂಕು ಮೂರಡಿ ಉದ್ದ, 180 ಲೀಟರ್ ಆಸುಪಾಸು. ಒಳಗಿನ ನೀರು 25–26 ಡಿಗ್ರಿ ಇದ್ದರೆ ಸುಖ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 43 ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ನೀರು ತಣ್ಣಗಾಗಿಸುವ ಯಂತ್ರ ಚಿಲ್ಲರ್ ಕೊಳ್ಳುವ ಶಕ್ತಿ ನನಗಿರಲಿಲ್ಲ, ಎರಡು ಸಣ್ಣ ಫ್ಯಾನು ನೀರಿನ ಮೇಲ್ಮೈಗೆ ತಿರುಗಿಸಿ ಕಟ್ಟಿದೆ. ನಮ್ಮ ಒಣ ಬಿಸಿಲಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ: ನೀರು ಆರುತ್ತಾ ತಣ್ಣಗಾಗುತ್ತದೆ, ಮಣ್ಣಿನ ಗಡಿಗೆಯ ಲೆಕ್ಕವೇ. ಆದರೆ ಕಿಟಕಿ ಮುಚ್ಚಿ ಅದೇ ಕೋಣೆಯಲ್ಲಿ ಕೂಲರ್ ಹಚ್ಚಿದರೆ ಗಾಳಿ ತೇವ ಹಿಡಿದು ಫ್ಯಾನಿನ ಆಟ ನಿಲ್ಲುತ್ತದೆ. ಕೂಲರನ್ನು ಪಡಸಾಲೆಗೆ ಹಾಕಿದೆ. "ಬಿಸಲಾಗ ನಾವು ಬೇಯಬೇಕು, ಆ ಹುಳಕ್ಕ ಮಾತ್ರ ಎರಡು ಫ್ಯಾನೇನು?" ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ. ಉತ್ತರ ನನ್ನ ಹತ್ತಿರ ಇಲ್ಲ.

ಫ್ಯಾನು ಹಚ್ಚಿದರೆ ದಿನಕ್ಕೆ ಐದು ಲೀಟರ್ ಆರುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಬರೀ ಆರ್‌ಒ-ಡಿಐ ನೀರು ತುಂಬಬೇಕು. ಮದುವೆಗೆಂದು ಮೂರು ದಿನ ಬೀದರಿಗೆ ಹೋದಾಗ ತಮ್ಮನಿಗೆ ಇದನ್ನು ಒಪ್ಪಿಸಿದ್ದೆ. ಅವನು ಪಕ್ಕದಲ್ಲಿದ್ದ ಉಪ್ಪು ಕಲಸಿದ ಬಕೆಟ್ಟಿನಿಂದ ತುಂಬಿಬಿಟ್ಟ. ಬಂದು ನೋಡಿದರೆ ಲವಣಾಂಶ 38. ಹವಳ ಅಂಗಿ ಗುಂಡಿಯಷ್ಟಾಗಿ ಮುದುಡಿತ್ತು. ಒಮ್ಮೆಲೇ ಇಳಿಸದೆ, ದಿನಕ್ಕೆ ಒಂದರಂತೆ ಮೂರು ದಿನದಲ್ಲಿ 35ಕ್ಕೆ ತಂದೆ. ವಾರದೊಳಗೆ ಅರಳಿತು. ಈಗ ಎರಡೂ ಬಕೆಟ್ಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ.

ಒಂದನ್ನು ಹಲವು ಮಾಡಲು ಹವಳವನ್ನು ಕತ್ತರಿಸಿದ್ದು ನವೆಂಬರಿನಲ್ಲಿ, ತಂಪು ಹಿಡಿದ ಮೇಲೆ. ಹವಳ ಕೂತಿದ್ದ ಕಲ್ಲನ್ನೇ ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಸ್ಟೀಲ್ ಬೋಗುಣಿಯಲ್ಲಿಟ್ಟೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಅಣಬೆ ಹವಳ ಅಷ್ಟು ಅಪಾಯದ್ದಲ್ಲ, ಆದರೆ ಅದರ ಜೊತೆ ಅದೇ ಕಲ್ಲಿನ ಮೇಲೆ ಬರುವ ಪಾಲಿಥೋವಾ ಎಂಬ ಇನ್ನೊಂದು ಜೀವಿಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಅಭ್ಯಾಸ ಇರಲಿ ಅಂತ ಪ್ರತಿ ಸಲ ಹಾಕುತ್ತೇನೆ.

ಮೊದಲು ಹವಳದ ತಟ್ಟೆಯಂಥ ಮೈಯನ್ನು ಬುಡದಿಂದ ಕೊಯ್ದೆ, ಕಲ್ಲಿನ ಮೇಲೆ ಬುಡದ ಒಂದು ಪದರ ಉಳಿಸಿ. ಆ ಪದರವೇ ಮುಂದೆ ಹೊಸ ಹವಳವಾಗುತ್ತದೆ. ಕೊಯ್ದ ತಟ್ಟೆಯನ್ನು ನಡುವಿನ ಬಾಯಿಯ ಮೂಲಕ ಹಾದು ಹೋಗುವಂತೆ ಎರಡು ಸೀಳು, ನಾಲ್ಕು ಹೋಳು, ಪ್ರತಿ ಹೋಳಿಗೂ ಬಾಯಿಯ ಒಂದು ಪಾಲು. ಬೆಂಡೆಕಾಯಿ ಹೆಚ್ಚಿದಾಗಿನಂಥ ಲೋಳೆ ಬಂತು, ಒಳಗಿನಿಂದ ಬಿಳಿ ದಾರದಂಥ ಎಳೆಗಳು ಹೊರಬಿದ್ದವು. ಕೊಂದೆನೇನೋ ಅನ್ನಿಸಿತು. ಬೇರೆ ನೀರಿನಲ್ಲಿ ತೊಳೆದೆ, ಲೋಳೆ ನೀರನ್ನು ಟ್ಯಾಂಕಿಗೆ ಸುರಿಯಲಿಲ್ಲ.

ಅಂಟಿಸುವುದರಲ್ಲಿ ಸೋತೆ. ಸೂಪರ್ ಗ್ಲೂ ಹಚ್ಚಿ ಕಲ್ಲಿಗೆ ಒತ್ತಿದೆ. ಬೆಳಗ್ಗೆ ಎದ್ದು ನೋಡಿದರೆ ಗ್ಲೂ ಕಲ್ಲಿನ ಮೇಲೆ, ಹೋಳುಗಳು ನೀರಲ್ಲಿ. ಲೋಳೆಯ ಮೈ ಯಾವ ಅಂಟಿಗೂ ಸಿಗುವುದಿಲ್ಲ. ಒಂದು ಹೋಳು ಅಲೆಯ ಪಂಪಿಗೆ ಸಿಕ್ಕಿ ಪುಡಿಯಾಯಿತು.

ಉಳಿದ ಮೂರನ್ನು ಮೊಸರಿನ ಡಬ್ಬಿಗೆ ಹಾಕಿದೆ. ಡಬ್ಬಿಯ ತಳದಲ್ಲಿ ಬೆರಳುಗುರಿನಷ್ಟು ಕಲ್ಲಿನ ಚೂರು, ಮೇಲೆ ಹೋಳು, ಬಾಯಿಗೆ ಬಳ್ಳೊಳ್ಳಿ ಚೀಲದ ಜಾಳಿಗೆ ಎರಡು ಪದರ. (ಸೊಳ್ಳೆ ಪರದೆ ಬೇಡ, ಔಷಧಿ ಹಚ್ಚಿರಬಹುದು.) ನೀರಿನ ಸೆಳೆತ ಇಲ್ಲದ, ಮಂದ ಬೆಳಕಿನ ಮೂಲೆಯಲ್ಲಿಟ್ಟು ಮುಟ್ಟದೆ ಬಿಟ್ಟೆ. ಐದನೇ ದಿನಕ್ಕೆ ಸೀಳಿದ ಅಂಚುಗಳು ಕೂಡಿಕೊಂಡಿದ್ದವು. ಹನ್ನೆರಡನೇ ದಿನ ಡಬ್ಬಿ ಓರೆ ಮಾಡಿದರೆ ಹೋಳಿನ ಜೊತೆ ಕಲ್ಲೂ ಜಾರಿತು. ಹಿಡಿದುಕೊಂಡಿತ್ತು! ತಿಂಗಳಿಗೆ ಮೂರೂ ದುಂಡಗಿನ ಪುಟ್ಟ ತಟ್ಟೆಗಳು, ನಡುವೆ ಹೊಸ ಬಾಯಿ. ಈಗ ಗ್ಲೂ ಹಚ್ಚುವುದು ಆ ಚೂರು ಕಲ್ಲಿಗೆ, ಹವಳಕ್ಕಲ್ಲ.

ಆ ಚೂರುಗಳು ಮನೆ ಕಟ್ಟುವಾಗ ಉಳಿದ ಶಹಾಬಾದ್ ಕಲ್ಲಿನವು. ವಿನೆಗರ್ ಹನಿಸಿದರೆ ನೊರೆ ಬರುತ್ತದೆ, ಸುಣ್ಣದ ಕಲ್ಲೇ. ಪಾಲಿಶ್ ಆದ ಮೈ ಬೇಡ, ಒರಟು ಮೈ ಬೇಕು; ಎರಡು ವಾರ ನೀರು ಬದಲಿಸುತ್ತಾ ನೆನೆಸಿದ್ದೆ. ಭೂಮಿಯ ಮೇಲೆ ಹವಳ ಎಂಬುದು ಹುಟ್ಟುವ ಮೊದಲೇ ಇಲ್ಲಿದ್ದ ಸಮುದ್ರದ ತಳ ಅದು. ಅದರ ಮೇಲೆ ಈಗ ಹವಳದ ನೆಂಟ ಕೂತಿದ್ದಾನೆ ಅಂತ ನನಗೆ ಸಣ್ಣ ಖುಷಿ. ಅವ್ವನಿಗೆ ಹೇಳಿದರೆ, "ನೆಲ ಒರೆಸೋದು ಯಾರು?" ಅಂದಳು.

ಎರಡು ಚಳಿಗಾಲದಲ್ಲಿ ಹತ್ತೊಂಬತ್ತಾದವು. ಹೋದ ಬೇಸಿಗೆಯಲ್ಲಿ ಹೈದರಾಬಾದಿನ ಆ ಗೆಳೆಯರ ಚಿಲ್ಲರ್ ರಾತ್ರೋರಾತ್ರಿ ಕೆಟ್ಟು ಅವರ ಟ್ಯಾಂಕು ಪೂರ್ತಿ ಹೋಯಿತು. ದೀಪಾವಳಿ ಕಳೆದ ಮೇಲೆ ಅದೇ ಥರ್ಮಾಕೋಲ್ ಡಬ್ಬಿಯಲ್ಲಿ ನಾಲ್ಕು ಅಣಬೆಗಳನ್ನು ಅವರ ಮನೆಗೆ ಮುಟ್ಟಿಸಿ ಬಂದೆ.