ಸ್ಪ್ರೆಡ್ ಆಫೆನ್ಸ್ ಕೋಚ್ ಒಬ್ಬರನ್ನು ಅಳೆದು ನೋಡಿದ ಬಗೆ: ನನ್ನ ಅನುಭವ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಸೀಸನ್ ಮುಗಿಯುತ್ತಿದ್ದಂತೆ ಕೋಚ್‌ಗಳ ಓಡಾಟ ಶುರುವಾಗುತ್ತದೆ. ಒಬ್ಬ ಹೆಡ್ ಕೋಚ್ ಬೇರೆ ಕಡೆ ಹೊರಟರೆ ಅವರ ಜೊತೆ ಅರ್ಧ ಸಿಬ್ಬಂದಿಯೇ ಗಂಟುಮೂಟೆ ಕಟ್ಟುತ್ತದೆ. ನಮ್ಮ ಆಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಆಫೆನ್ಸ್ (ಚೆಂಡು ಹಿಡಿದು ಮುಂದೆ ಸಾಗುವ ಪಾಳಿ) ನೋಡಿಕೊಳ್ಳುವ ಕೋಚ್, ಅವರೂ ಹಾಗೇ ಹೋದರು. ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಇಲ್ಲಿಗೆ ಬಂದವನು. ಈಗ ಕಾಲೇಜ್ ಆಟದ ಅತಿ ಮೇಲಿನ ಎಫ್‌ಬಿಎಸ್ ಹಂತದ ಒಂದು ಚಿಕ್ಕ ತಂಡದಲ್ಲಿ ಅನಾಲಿಸ್ಟ್. ಆಟದ ಫಿಲ್ಮ್ ನೋಡಿ, ಪ್ರತಿ ಪ್ಲೇಗೂ (ಚೆಂಡು ಮುಂದೊಯ್ಯುವ ಒಂದೊಂದು ಪ್ರಯತ್ನಕ್ಕೂ) ಗುರುತು ಹಾಕಿ, ಲೆಕ್ಕ ತೆಗೆದು ಕೋಚ್‌ಗಳಿಗೆ ಕೊಡುವುದು ನನ್ನ ಕೆಲಸ. ಖಾಲಿಯಾದ ಹುದ್ದೆಗೆ ಬಂದ ಒಬ್ಬರ ಬಗ್ಗೆ ವರದಿ ಬೇಕು ಅಂತ ಹೆಡ್ ಕೋಚ್ ಹೇಳಿದರು. ಅವರು ಒಂದು ಹಂತ ಕೆಳಗಿನ ಎಫ್‌ಸಿಎಸ್ ತಂಡದಲ್ಲಿ, ಆಟಗಾರರನ್ನು ಮೈದಾನದ ಅಗಲಕ್ಕೆ ಹರಡಿ ಆಡಿಸುವ ಸ್ಪ್ರೆಡ್ ಆಫೆನ್ಸ್ ನಡೆಸುತ್ತಿದ್ದರು. ಅಂಕ ರಾಶಿ ರಾಶಿಯಾಗಿ ಬರುತ್ತಿತ್ತು. ಅವರ ಹೆಸರು ಇಲ್ಲಿ ಬೇಡ. ಅವರನ್ನು ಹೇಗೆ ಅಳೆದೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ಅಂಥ ಜಿಗಿತ ಹೊಸದೇನಲ್ಲ. ಚಿಪ್ ಕೆಲ್ಲಿ 2007ರಲ್ಲಿ ನ್ಯೂ ಹ್ಯಾಂಪ್‌ಶೈರ್ ಎನ್ನುವ ಎಫ್‌ಸಿಎಸ್ ತಂಡದಿಂದ ನೇರವಾಗಿ ಆರೆಗನ್‌ಗೆ ಕೋಆರ್ಡಿನೇಟರ್ ಆಗಿ ಬಂದರು. ಎರಡೇ ವರ್ಷದಲ್ಲಿ ಹೆಡ್ ಕೋಚ್ ಆದರು. ಆದರೆ ಕೆಳಗಿನ ಹಂತದಲ್ಲಿ ಗೆದ್ದವರೆಲ್ಲ ಚಿಪ್ ಕೆಲ್ಲಿ ಆಗುವುದಿಲ್ಲ ಅಲ್ವಾ? ಯಾರ ಆಫೆನ್ಸ್ ಮೇಲಿನ ಹಂತದಲ್ಲೂ ನಿಲ್ಲುತ್ತದೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಈ ಆಟವನ್ನು ಶನಿವಾರ ಟಿವಿಯಲ್ಲಿ ಮಾತ್ರ ನೋಡುವವರಿಗೆ ಸ್ಪ್ರೆಡ್ ಅಂದರೆ ಬರೀ ಪಾಸ್ ಅನ್ನಿಸುತ್ತದೆ. ನಿಜವಾಗಿ ಅದು ತಲೆ ಎಣಿಸುವ ಲೆಕ್ಕ. ಮೈದಾನದ ಅಗಲ 53 ಗಜಕ್ಕಿಂತ ಸ್ವಲ್ಪ ಜಾಸ್ತಿ. ಪಾಸ್ ಹಿಡಿಯುವ ನಾಲ್ಕು ರಿಸೀವರ್‌ಗಳನ್ನು ಆ ಅಗಲಕ್ಕೆ ಹರಡಿದರೆ, ಅವರನ್ನು ಕಾಯಲು ಡಿಫೆನ್ಸ್‌ನ ಹನ್ನೊಂದು ಜನರಲ್ಲಿ ನಾಲ್ವರು ಹೊರಗೆ ಹೋಗಲೇಬೇಕು. ಹಿಂದೆ ಕೊನೆಯ ಕಾವಲಿಗೆ ಒಬ್ಬ ಸೇಫ್ಟಿ ನಿಂತರೆ ಮಧ್ಯದಲ್ಲಿ ಉಳಿಯುವುದು ಆರು ಜನ. ಅದನ್ನೇ ಬಾಕ್ಸ್ ಅನ್ನುತ್ತೇವೆ. ಮುಂದಿನ ಸಾಲಲ್ಲಿ ನಿಂತು ಅವರನ್ನು ತಡೆಯುವ, ಅಂದರೆ ಬ್ಲಾಕ್ ಮಾಡುವ, ನಮ್ಮ ಲೈನ್‌ಮನ್‌ಗಳು ಐದು. ಆರನೆಯವನನ್ನು ಯಾರೂ ಬ್ಲಾಕ್ ಮಾಡುವುದಿಲ್ಲ. ಪಾಸ್ ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಅವನನ್ನು ಓದುತ್ತಾನೆ. ಆ ಆರನೆಯವನು ನಮ್ಮ ಓಟಗಾರ ರನ್ನಿಂಗ್ ಬ್ಯಾಕ್ ಕಡೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಇಟ್ಟುಕೊಂಡು ತಾನೇ ಓಡುತ್ತಾನೆ. ಅವನು ನಿಂತರೆ ಚೆಂಡನ್ನು ರನ್ನಿಂಗ್ ಬ್ಯಾಕ್‌ಗೆ ಕೊಟ್ಟುಬಿಡುತ್ತಾನೆ. ಇದೇ ಝೋನ್ ರೀಡ್. 1990ರ ದಶಕದಲ್ಲಿ ವೆಸ್ಟ್ ವರ್ಜಿನಿಯಾದ ಪುಟ್ಟ ಕಾಲೇಜ್ ಗ್ಲೆನ್‌ವಿಲ್ ಸ್ಟೇಟ್‌ನಲ್ಲಿ ರಿಚ್ ರಾಡ್ರಿಗೆಜ್ ಬೆಳೆಸಿದ್ದು. ಡಿಫೆನ್ಸ್ ಇನ್ನೊಬ್ಬ ಸೇಫ್ಟಿಯನ್ನು ಹಿಂದಿಟ್ಟರೆ ಬಾಕ್ಸ್‌ನಲ್ಲಿ ಐದೇ ಜನ, ಓಡುವುದು ಸುಲಭ. ಬಾಕ್ಸ್‌ಗೆ ಏಳು ಜನ ತಂದರೆ ಹಿಂದೆ ಕಾಯುವವರಿಲ್ಲ, ಎಸೆಯುವುದು ಸುಲಭ. ಕ್ರಿಕೆಟ್‌ನಲ್ಲಿ ಫೀಲ್ಡರ್‌ಗಳನ್ನು ಬೌಂಡರಿಗೆ ಕಳಿಸಿದರೆ ಒಂಟಿ ರನ್ ಸಿಗುತ್ತದೆ, ಒಳಗೆ ಕರೆದರೆ ತಲೆ ಮೇಲೆ ಎತ್ತಿ ಹೊಡೆಯಬಹುದು. ಹಾಗೇ ಇದು.

ಕಾಲೇಜ್ ನಿಯಮಗಳೂ ಇದಕ್ಕೆ ಸಹಾಯ ಮಾಡುತ್ತವೆ. ಪ್ರತಿ ಪ್ಲೇಗೂ ಚೆಂಡು ಇಡುವುದು ಎರಡು ಹ್ಯಾಶ್ ಗುರುತುಗಳ ಮೇಲೆ ಅಥವಾ ನಡುವೆ. ಇಲ್ಲಿ ಅವುಗಳ ನಡುವೆ 40 ಅಡಿ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹಾಗಾಗಿ ಕಾಲೇಜ್‌ನಲ್ಲಿ ಚೆಂಡು ಒಂದು ಪಕ್ಕಕ್ಕಿದ್ದರೆ ಇನ್ನೊಂದು ಪಕ್ಕದಲ್ಲಿ ಬಯಲೇ ಬಯಲು. ಲೈನ್‌ಮನ್‌ಗಳು ಪಾಸ್‌ಗೆ ಮುಂಚೆ 3 ಗಜ ಮುಂದೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ ಅದು 1 ಗಜ. ಓಟದ ಬ್ಲಾಕಿಂಗ್ ನಡೆಯುತ್ತಿರುವಾಗಲೇ ಕ್ವಾರ್ಟರ್‌ಬ್ಯಾಕ್ ಲೈನ್‌ಬ್ಯಾಕರ್‌ನನ್ನು (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವನನ್ನು) ನೋಡಿ ಪಾಸ್ ಎಸೆಯುವ ಆರ್‌ಪಿಒ (ರನ್-ಪಾಸ್ ಆಪ್ಷನ್) ಇಷ್ಟು ಬೆಳೆದಿದ್ದಕ್ಕೆ ಈ 3 ಗಜವೇ ದೊಡ್ಡ ಕಾರಣ.

ಸ್ಪ್ರೆಡ್ ಅನ್ನುವುದು ಒಂದೇ ಮನೆಯಲ್ಲ. ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ ಅಯೋವಾ ವೆಸ್ಲಿಯನ್ ಕಾಲೇಜ್‌ನಲ್ಲಿ ಕಟ್ಟಿದ ಏರ್ ರೇಡ್ ಬೇರೆ. ಅದರಲ್ಲಿ ಪ್ಲೇಗಳು ಕಡಿಮೆ, ಅಭ್ಯಾಸ ಜಾಸ್ತಿ, ಎಸೆತವೇ ಮುಖ್ಯ. ರಾಡ್ರಿಗೆಜ್ ಮತ್ತು ಅರ್ಬನ್ ಮೇಯರ್ ಅವರದು ಓಟದ ಸ್ಪ್ರೆಡ್. ಟೆನೆಸಿಯಲ್ಲಿ ಜಾಶ್ ಹೈಪಲ್ ರಿಸೀವರ್‌ಗಳನ್ನು ಮೈದಾನದ ಪಕ್ಕದ ಗೆರೆಯ ಅಂಚಿಗೇ ನಿಲ್ಲಿಸಿ ಬಿರುಸಾಗಿ ಆಡಿಸುವುದು ಮತ್ತೊಂದು. ನಮ್ಮ ಅಭ್ಯರ್ಥಿಯದು ಎರಡನೇ ಮನೆ. ಮಧ್ಯದಲ್ಲಿ ನುಗ್ಗುವ ಇನ್‌ಸೈಡ್ ಝೋನ್ ಓಟ, ಅದಕ್ಕೆ ಅಂಟಿಸಿದ ಆರ್‌ಪಿಒ, ಪ್ಲೇಗಳ ನಡುವೆ ಗುಂಪು ಸೇರಿ ಮಾತಾಡುವ ಹಡಲ್ ಇಲ್ಲದ ವೇಗ. ಇದನ್ನು ಮೊದಲ ಪುಟದಲ್ಲೇ ಬರೆದೆ. ನಮ್ಮಲ್ಲಿರುವ ಹುಡುಗರು ಯಾವ ಮನೆಗೆ ಹೊಂದುತ್ತಾರೆ ಅನ್ನುವುದು ಇದರ ಮೇಲೇ ನಿಲ್ಲುತ್ತದೆ.

ಆಮೇಲೆ ಅಂಕಿಗಳನ್ನು ತೊಳೆದೆ. ಒಂದು ಆಟಕ್ಕೆ ಎಷ್ಟು ಗಜ, ಎಷ್ಟು ಅಂಕ ಅನ್ನುವ ಲೆಕ್ಕ ನನಗೆ ಬೇಡ. ವೇಗವಾಗಿ ಆಡುವ ತಂಡಕ್ಕೆ ಪ್ಲೇಗಳೇ ಜಾಸ್ತಿ ಸಿಗುತ್ತವೆ, ಗಜವೂ ಜಾಸ್ತಿ. ಜೊತೆಗೆ 2023ರಿಂದ ಫಸ್ಟ್ ಡೌನ್ ಆದಾಗ (ನಾಲ್ಕು ಡೌನ್, ಅಂದರೆ ನಾಲ್ಕು ಪ್ರಯತ್ನದೊಳಗೆ 10 ಗಜ ಗಳಿಸಿದಾಗ) ಗಡಿಯಾರ ನಿಲ್ಲುವುದಿಲ್ಲ, ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು. ಅದಕ್ಕೆ ಮುಂಚಿನ ಮೊತ್ತವನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಡಲು ಆಗುವುದಿಲ್ಲ. ಪ್ರತಿ ಪ್ಲೇಗೆ, ಪ್ರತಿ ಡ್ರೈವ್‌ಗೆ (ಚೆಂಡು ಸಿಕ್ಕಾಗಿನಿಂದ ಬಿಡುವವರೆಗಿನ ಪ್ಲೇಗಳ ಸಾಲಿಗೆ) ಎಷ್ಟು ಅಂತ ನೋಡಿದೆ. ಕಾಲೇಜ್ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಸ್ಯಾಕ್ ಆದಾಗ, ಅಂದರೆ ಪಾಸ್ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದಾಗ, ಕಳೆದ ಗಜವನ್ನು ಇಲ್ಲಿ ಓಟದಿಂದ ಕಳೆಯುತ್ತಾರೆ. ಹಾಗೇ ಬಿಟ್ಟರೆ ಓಟ ಇದ್ದುದಕ್ಕಿಂತ ಕೆಟ್ಟದಾಗಿ, ಪಾಸ್ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸ್ಯಾಕ್‌ಗಳನ್ನೆಲ್ಲ ಪಾಸ್ ಲೆಕ್ಕಕ್ಕೆ ಹಾಕಿದೆ. ಗೆಲುವು ಖಚಿತವಾದ ಮೇಲೆ ಆಡಿದ ಪ್ಲೇಗಳನ್ನು ತೆಗೆದುಹಾಕಿದೆ.

ಉಳಿದಿದ್ದರ ಮೇಲೆ ಸಕ್ಸೆಸ್ ರೇಟ್ ಹಾಕಿದೆ. ಮೊದಲ ಡೌನ್‌ನಲ್ಲಿ ಬೇಕಾದ ಗಜದ ಅರ್ಧ ಬಂದರೆ ಆ ಪ್ಲೇ ಗೆದ್ದಂತೆ. ಎರಡನೇ ಡೌನ್‌ನಲ್ಲಿ ನೂರಕ್ಕೆ 70 ಬರಬೇಕು. ಮೂರು, ನಾಲ್ಕರಲ್ಲಿ ಪೂರ್ತಿ. ಈ ಲೆಕ್ಕದಲ್ಲೂ ಅವರು ಚೆನ್ನಾಗಿಯೇ ನಿಂತರು. ಓಟ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಪಾಸ್ ಸ್ವಲ್ಪ ತೆಳ್ಳಗಾಯಿತು. ಮೂರನೇ ಡೌನ್‌ಗೆ ಏಳೆಂಟು ಗಜ ಉಳಿದಾಗ ತಂಡ ತಡವರಿಸುತ್ತಿತ್ತು.

ಅಂಕಿಗಳ ಕೆಲಸ ಅಲ್ಲಿಗೆ ಸಾಕು. ಗೆದ್ದ ಆಟದಲ್ಲಿ ಕಾಣುವುದು ಹೆಚ್ಚಾಗಿ ಆಟಗಾರರ ಬಲ. ಯೋಚಿಸಿ ತಂದ ಪ್ಲೇ ಎದುರಾಳಿಯ ಕೈಯಲ್ಲಿ ಸತ್ತ ಮೇಲೆ ಏನು ಮಾಡಿದರು, ಅಲ್ಲಿ ಕೋಚ್ ಕಾಣುತ್ತಾರೆ. ಅದಕ್ಕೇ ಫಿಲ್ಮ್ ನೋಡುವಾಗ ಸೋತ ಆಟಗಳಿಂದ ಶುರುಮಾಡುತ್ತೇನೆ. ಅದರಲ್ಲೂ ಎಫ್‌ಸಿಎಸ್ ತಂಡಗಳು ಹಣಕ್ಕಾಗಿ ದೊಡ್ಡ ತಂಡಗಳ ಮೈದಾನಕ್ಕೆ ಹೋಗಿ ಆಡುವ ಆಟಗಳಿವೆಯಲ್ಲ, ಅವು ಮೊದಲು. ಅಲ್ಲಿ ಇವರ ಹುಡುಗರು ಮೈಕಟ್ಟಿನಲ್ಲಿ ಗೆಲ್ಲುವುದಿಲ್ಲ. ಲೆಕ್ಕದಲ್ಲಿ ಮಾತ್ರ ಗೆಲ್ಲಬೇಕು.

ಮೇಲಿನಿಂದ ತೆಗೆದ, 22 ಆಟಗಾರರೂ ಕಾಣುವ ಫಿಲ್ಮ್ ಇಟ್ಟುಕೊಂಡೆ. ಮೊದಲ ಸಲ ನೋಡುವಾಗ ಚೆಂಡಿನ ಕಡೆ ನೋಡಲೇ ಇಲ್ಲ. ಸೇಫ್ಟಿಗಳು ಎಲ್ಲಿದ್ದಾರೆ, ಬಾಕ್ಸ್‌ನಲ್ಲಿ ಎಷ್ಟು ಜನ, ಅದಕ್ಕೆ ಕರೆದ ಪ್ಲೇ ಯಾವುದು, ಇಷ್ಟನ್ನೇ ಬರೆದುಕೊಂಡು ಹೋದೆ. ಪ್ಲೇ ಗೆದ್ದಿತೋ ಸೋತಿತೋ ಅನ್ನುವುದು ಎರಡನೇ ಸಲಕ್ಕೆ. ಸರಿಯಾದ ಪ್ಲೇ ಕರೆದು ರಿಸೀವರ್ ಚೆಂಡು ಕೈಬಿಟ್ಟರೆ ಅದು ಕೋಚ್ ತಪ್ಪಲ್ಲ. ತಪ್ಪು ಪ್ಲೇ ಕರೆದು ರನ್ನಿಂಗ್ ಬ್ಯಾಕ್ ಮೂವರನ್ನು ತಪ್ಪಿಸಿಕೊಂಡು ಓಡಿದರೆ ಅದು ಕೋಚ್ ಜಾಣತನವೂ ಅಲ್ಲ.

ಒಂದು ಆಟದಲ್ಲಿ ಎದುರಾಳಿ ಟೈಟ್ ಫ್ರಂಟ್ ಹಾಕಿದ್ದರು. ಡಿಫೆನ್ಸ್‌ನ ಮೂವರು ಲೈನ್‌ಮನ್‌ಗಳು ಒಳಗೆ ಒತ್ತಾಗಿ ನಿಂತು, ಆಫೆನ್ಸ್ ಲೈನ್‌ಮನ್‌ಗಳಾದ ಗಾರ್ಡ್ ಮತ್ತು ಟ್ಯಾಕಲ್ ನಡುವಿನ ಜಾಗ ಮುಚ್ಚುತ್ತಾರೆ. ಇನ್‌ಸೈಡ್ ಝೋನ್ ಕೊಲ್ಲಲೆಂದೇ ಕಂಡುಕೊಂಡ ದಾರಿ ಅದು. ಮೊದಲ ಕೆಲವು ಡ್ರೈವ್‌ಗಳಲ್ಲಿ ಓಟ ಪೂರ್ತಿ ನಿಂತುಹೋಯಿತು. ನಾನು ಕಾದಿದ್ದು ಇದಕ್ಕೇ. ಅರ್ಧ ಆಟದ ವಿರಾಮಕ್ಕೂ ಕಾಯದೆ ನಮ್ಮ ಅಭ್ಯರ್ಥಿ ಉತ್ತರ ತಂದರು. ಒಬ್ಬ ರಿಸೀವರ್‌ನನ್ನು ಕೂರಿಸಿ, ಬ್ಲಾಕ್ ಮಾಡಲೂ ಪಾಸ್ ಹಿಡಿಯಲೂ ಬಲ್ಲ ಟೈಟ್ ಎಂಡ್ ಇಳಿಸಿದರು. ಗಾರ್ಡ್ ಮತ್ತು ಟ್ಯಾಕಲ್ ಇಬ್ಬರನ್ನೂ ಇನ್ನೊಂದು ಬದಿಗೆ ಎಳೆಯುವ ಕೌಂಟರ್ ಓಡಿಸಿದರು. ಒಳಗೆ ಒತ್ತಾಗಿ ನಿಂತವರಿಗೆ ಹೊರಗಿನ ಅಂಚಿಗೆ ತಲುಪಲಾಗಲಿಲ್ಲ. ಲೈನ್‌ಬ್ಯಾಕರ್‌ಗಳು ಕೌಂಟರ್ ನೋಡಿ ನುಗ್ಗಲು ಶುರುಮಾಡಿದಾಗ ಅದೇ ಚಲನೆ ತೋರಿಸಿ ಅವರ ತಲೆ ಹಿಂದೆ ಪಾಸ್ ಎಸೆಸಿದರು. ಉತ್ತರ, ಆ ಉತ್ತರಕ್ಕೆ ಬರುವ ಪ್ರತ್ಯುತ್ತರ, ಅದಕ್ಕೂ ಇನ್ನೊಂದು. ಆ ಆಟ ಅವರು ಸೋತರು. ನನ್ನ ವರದಿಯಲ್ಲಿ ಅವರಿಗೆ ಅತಿ ಹೆಚ್ಚು ಅಂಕ ಸಿಕ್ಕಿದ್ದು ಅದೇ ಆಟಕ್ಕೆ.

ರೆಡ್ ಝೋನ್‌ನಲ್ಲಿ ಮಾತ್ರ ನನಗೆ ಸಮಾಧಾನ ಆಗಲಿಲ್ಲ. ಎದುರಾಳಿಯ 20 ಗಜದೊಳಗೆ ಹೋದ ಮೇಲೆ ಮೈದಾನಕ್ಕೆ ಉದ್ದ ಇರುವುದಿಲ್ಲ. ಸೇಫ್ಟಿಗಳು ಹಿಂದಿನ ಭಯವಿಲ್ಲದೆ ಮುಂದೆ ಬರುತ್ತಾರೆ. ಹರಡುವುದರಿಂದ ಸಿಗುತ್ತಿದ್ದ ಲಾಭ ಅರ್ಧಕ್ಕರ್ಧ ಕರಗುತ್ತದೆ. ಅಲ್ಲಿ ಇವರ ಉತ್ತರ ಹೆಚ್ಚಾಗಿ ಒಂದೇ ಇತ್ತು, ಕ್ವಾರ್ಟರ್‌ಬ್ಯಾಕ್‌ನನ್ನೇ ಓಡಿಸುವುದು. ಆ ಹುಡುಗ ಗಟ್ಟಿಮುಟ್ಟಾಗಿದ್ದ, ಅಲ್ಲಿ ನಡೆಯಿತು. ನಮ್ಮ ಕ್ವಾರ್ಟರ್‌ಬ್ಯಾಕ್ ಅಂಥವನಲ್ಲ. ಮೇಲಿನ ಹಂತದ ಲೈನ್‌ಬ್ಯಾಕರ್‌ಗಳ ಏಟು ವಾರ ವಾರ ತಿಂದರೆ ನವೆಂಬರ್‌ವರೆಗೆ ಉಳಿಯುವುದು ಕಷ್ಟ. ಒಬ್ಬ ಹುಡುಗನ ಮೈ ಮೇಲೆ ನಿಂತ ಯೋಜನೆಯನ್ನು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ಈ ಕಾರಣಕ್ಕೆ ಅವರ ಹಿಂದಿನ ಸೀಸನ್‌ಗಳನ್ನೂ ತೆಗೆದೆ. ಕ್ವಾರ್ಟರ್‌ಬ್ಯಾಕ್ ಬದಲಾದ ವರ್ಷ ಏನಾಯಿತು ಅನ್ನುವುದೇ ಪ್ರಶ್ನೆ. ಅದಕ್ಕೆ ಹಿಂದಿನ ಹುಡುಗ ಓಟಗಾರನಲ್ಲ, ಎಸೆತಗಾರ. ಆ ವರ್ಷ ಇವರು ಅವನನ್ನು ಕಡಿಮೆ ಓಡಿಸಿ, ಸ್ನ್ಯಾಪ್ ಆದ, ಅಂದರೆ ಚೆಂಡು ಕೈಗೆ ಬಂದ ತಕ್ಷಣ ಎಸೆಯುವ ಸಣ್ಣ ಪಾಸ್‌ಗಳನ್ನು ಜಾಸ್ತಿ ಮಾಡಿದ್ದರು. ಅಂಕ ಸ್ವಲ್ಪ ಇಳಿದಿತ್ತು, ಸಕ್ಸೆಸ್ ರೇಟ್ ಅಷ್ಟಾಗಿ ಇಳಿದಿರಲಿಲ್ಲ. ಈಗ ಟ್ರಾನ್ಸ್‌ಫರ್ ಪೋರ್ಟಲ್ ಕಾಲ, ಆಟಗಾರರು ಕಾಲೇಜ್ ಬದಲಿಸುವ ದಾರಿ ಅದು. ಚೆನ್ನಾಗಿ ಆಡಿದ ಕ್ವಾರ್ಟರ್‌ಬ್ಯಾಕ್‌ನನ್ನು ಮರುವರ್ಷ ದೊಡ್ಡ ತಂಡ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಆ ಇಳಿದ ವರ್ಷವೇ ನನಗೆ ಅವರ ಮೇಲೆ ಹೆಚ್ಚು ನಂಬಿಕೆ ತಂದಿತು.

ಸಂದರ್ಶನದ ದಿನ ನನಗೂ ಒಂದಿಷ್ಟು ಹೊತ್ತು ಕೊಟ್ಟರು. ಅವರ ಕೈಗೆ ಮಾರ್ಕರ್ ಕೊಟ್ಟು ಹೇಳಿದೆ: "ಕೋಚ್, ನಾನು ಮೊದಲ ವರ್ಷದ ಹುಡುಗ ಅಂದುಕೊಳ್ಳಿ. ನಿಮ್ಮ ಒಂದೇ ಒಂದು ಆರ್‌ಪಿಒ ನನಗೆ ಕಲಿಸಿ." ಅವರು ಇಡೀ ಡಿಫೆನ್ಸ್ ಬರೆಯಲಿಲ್ಲ. ಒಬ್ಬ ಲೈನ್‌ಬ್ಯಾಕರ್‌ನನ್ನು ಮಾತ್ರ ಬರೆದರು. "ನೀನು ನೋಡಬೇಕಾದ್ದು ಇವನನ್ನು ಮಾತ್ರ. ಇವನ ಮೊದಲ ಹೆಜ್ಜೆ ಮುಂದಕ್ಕೆ ಬಿದ್ದರೆ ಎಸೆ, ಇಲ್ಲದಿದ್ದರೆ ಕೊಡು," ಅಂದರು. ಆಮೇಲೆ ಒಬ್ಬೊಬ್ಬರನ್ನಾಗಿ ಸೇರಿಸುತ್ತಾ ಹೋದರು. ಕಲಿಸುವ ಮನುಷ್ಯ ಅನ್ನುವುದು ಅಲ್ಲೇ ಗೊತ್ತಾಯಿತು.

ಕಷ್ಟದ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೆ. ಬೋರ್ಡ್ ಮೇಲೆ ಮೂವರು ಸೇಫ್ಟಿಗಳ ಡಿಫೆನ್ಸ್ ಬರೆದೆ. ಅಯೋವಾ ಸ್ಟೇಟ್ 2017ರಲ್ಲಿ ಇದನ್ನೇ ಹಿಡಿದು ಎದುರಾಳಿಯ ಊರು ನಾರ್ಮನ್‌ಗೆ ಹೋಗಿ, ದೇಶದ ರ‍್ಯಾಂಕಿಂಗ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದ ಓಕ್ಲಹೋಮವನ್ನು 38-31ರಲ್ಲಿ ಸೋಲಿಸಿತು. ಆಮೇಲೆ ದೇಶದ ತುಂಬ ತಂಡಗಳು ಇದನ್ನು ಕಲಿತವು. ಮೂವರೇ ನುಗ್ಗಿ ಎಂಟು ಜನ ಹಿಂದೆ ನಿಂತರೆ ಆರ್‌ಪಿಒ ಓದುವ ಕ್ವಾರ್ಟರ್‌ಬ್ಯಾಕ್‌ಗೆ ಗೊಂದಲ. ಮಧ್ಯದ ಸೇಫ್ಟಿ ಓಟಕ್ಕೂ ಬರುತ್ತಾನೆ, ಪಾಸ್‌ಗೂ ಹೋಗುತ್ತಾನೆ. ಅಭ್ಯರ್ಥಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ಇಲ್ಲಿ ಆರ್‌ಪಿಒ ಬಿಟ್ಟುಬಿಡುತ್ತೇನೆ," ಅಂದರು. "ಎರಡು ಟೈಟ್ ಎಂಡ್ ತರುತ್ತೇನೆ, ನಾಲ್ಕು ನಾಲ್ಕು ಗಜ ಓಡುತ್ತೇನೆ. ಅವರೇ ಆ ಸೇಫ್ಟಿಯನ್ನು ಕೆಳಗೆ ಕರೆಯಬೇಕು." ತನ್ನ ಪ್ರೀತಿಯ ಪ್ಲೇಯನ್ನು ಬದಿಗಿಡಬಲ್ಲವರು ಕಡಿಮೆ. ಆ ಉತ್ತರ ನನಗೆ ಬಹಳ ಹಿಡಿಸಿತು.

ಅವರ ಜೊತೆ ಕೆಲಸ ಮಾಡಿದವರಿಗೆ ಫೋನ್ ಮಾಡಿದ್ದು ಹೆಡ್ ಕೋಚ್. ಅದರಲ್ಲಿ ನನ್ನ ಪಾಲಿಲ್ಲ. ನಾನು ಕೇಳಿ ತರಿಸಿಕೊಂಡಿದ್ದು ಅವರ ಅಭ್ಯಾಸದ ವೇಳಾಪಟ್ಟಿ. ಪ್ಲೇಬುಕ್ ಎಷ್ಟು ದಪ್ಪ ಬೇಕಾದರೂ ಇರಬಹುದು. ಅಭ್ಯಾಸದಲ್ಲಿ ಎಷ್ಟು ಸಲ ಮಾಡಿಸುತ್ತಾರೋ ಅಷ್ಟೇ ಶನಿವಾರ ಕೈಗೆ ಬರುತ್ತದೆ. ಅವರ ಪಟ್ಟಿಯಲ್ಲಿ ಝೋನ್ ಮತ್ತು ಕೌಂಟರ್‌ಗೆ ದಿನವೂ ಸಮಯ ಇತ್ತು. ರೆಡ್ ಝೋನ್‌ಗೆ ಇದ್ದಿದ್ದು ಕಡಿಮೆ. ಫಿಲ್ಮ್‌ನಲ್ಲಿ ಕಂಡ ಕೊರತೆಯ ಬೇರು ಅಲ್ಲಿತ್ತು.

ವೇಗದ ಬಗ್ಗೆ ನಮ್ಮ ಡಿಫೆನ್ಸ್ ಕೋಚ್ ಆತಂಕ ತೋರಿಸಿದರು. ಆಫೆನ್ಸ್ ಬೇಗ ಬೇಗ ಆಡಿ ಮೂರೇ ಪ್ಲೇಗೆ ಚೆಂಡು ಬಿಟ್ಟುಕೊಟ್ಟರೆ, ಉಸಿರು ತೆಗೆದುಕೊಳ್ಳುವ ಮುಂಚೆ ಅವರ ಹುಡುಗರು ಮತ್ತೆ ಮೈದಾನಕ್ಕೆ ಇಳಿಯಬೇಕು. ಇದು ನ್ಯಾಯವಾದ ಮಾತು. ನೋಡಿದರೆ ಅಭ್ಯರ್ಥಿ ಎಲ್ಲ ಕಡೆ ಅವಸರ ಮಾಡುತ್ತಿರಲಿಲ್ಲ. ಒಂದು ಫಸ್ಟ್ ಡೌನ್ ಸಿಕ್ಕ ಮೇಲಷ್ಟೇ ವೇಗ ಏರಿಸುತ್ತಿದ್ದರು. ಆ ಗುರುತು ಹಾಕಿದ ಹಾಳೆಯನ್ನು ಡಿಫೆನ್ಸ್ ಕೋಚ್ ಮುಂದಿಟ್ಟೆ.

ನನ್ನ ಶಿಫಾರಸು ತೆಗೆದುಕೊಳ್ಳಿ ಅಂತಲೇ ಇತ್ತು, ಎರಡು ಷರತ್ತಿನ ಜೊತೆ. ಈಗಿರುವ ಲೈನ್ ಕೋಚ್ ಇಲ್ಲೇ ಉಳಿಯಬೇಕು, ಕೌಂಟರ್ ಬ್ಲಾಕಿಂಗ್ ಅವರಿಗೆ ಚೆನ್ನಾಗಿ ಗೊತ್ತು. ಕ್ವಾರ್ಟರ್‌ಬ್ಯಾಕ್ ಓಟವನ್ನು ನೆಚ್ಚದ ರೆಡ್ ಝೋನ್ ಪ್ಲೇಗಳನ್ನು ವಸಂತದ ಅಭ್ಯಾಸಕ್ಕೆ ಮುಂಚೆ ಬರೆದುಕೊಡಬೇಕು. ಹೆಡ್ ಕೋಚ್ ಎರಡನ್ನೂ ಅವರ ಮುಂದಿಟ್ಟರು, ಅವರು ಒಪ್ಪಿದರು. ವಸಂತಕ್ಕೆ ನಿಯಮದ ಪ್ರಕಾರ ಸಿಗುವುದು 15 ಅಭ್ಯಾಸಗಳು. ಪ್ರತಿಯೊಂದರಲ್ಲೂ ಗೋಲ್ ಗೆರೆಗೆ 10 ಗಜದ ಒಳಗಿನ ಪ್ಲೇಗಳನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿ ಅಂದೇ ಸಂಜೆ ಅವರಿಗೆ ಕೊಡುವುದು ಈಗ ನನ್ನ ಕೆಲಸ.