ಧೂಳು ಒರೆಸುವಾಗ ಗೆರೆ ಅಳಿಸಿದ್ದೆ

ಚೆನ್ನೈನ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಹಳೇ ಸಿನಿಮಾಗಳ ಧೂಳು ತೆಗೆಯುವ ಕೆಲಸ ಮಾಡಿದ್ದೇನೆ. ನಾವು ಅದನ್ನು ಡಸ್ಟ್ ಬಸ್ಟಿಂಗ್ ಅಂತ ಕರೆಯುತ್ತಿದ್ದೆವು. ಫಿಲ್ಮ್ ಸ್ಕ್ಯಾನ್ ಆಗಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಒಂದೊಂದು ಫ್ರೇಮೂ ಒಂದೊಂದು ಬೇರೆ ಫೈಲು. ಕೈಯಲ್ಲಿ ಪೆನ್, ಮೇಜಿನ ಮೇಲೆ ಟ್ಯಾಬ್ಲೆಟ್. ಚುಕ್ಕೆ ಕಂಡಲ್ಲಿ ಪೆನ್ನಿನಿಂದ ಸುತ್ತು ಹಾಕಿದರೆ, ಸಾಫ್ಟ್‌ವೇರ್ ಹಿಂದಿನ ಅಥವಾ ಮುಂದಿನ ಫ್ರೇಮಿನಿಂದ ಅದೇ ಜಾಗದ ತುಣುಕು ತಂದು ಅಲ್ಲಿ ಕೂರಿಸುತ್ತದೆ. ದೊಡ್ಡ ಗೀರು, ಹರಕಲು ಇದ್ದರೆ ಕೈಯಲ್ಲೇ ತಿದ್ದಬೇಕು. ಸೆಕೆಂಡಿಗೆ 24 ಫ್ರೇಮು. 83 ನಿಮಿಷದ ಸಿನಿಮಾ ಅಂದರೆ ಸುಮಾರು 1,19,500 ಫ್ರೇಮು. ಅದಕ್ಕೇ ಈ ಕೆಲಸಕ್ಕೆ ಅಷ್ಟು ಜನ ಬೇಕು.

ಮೊದಲ ಎರಡು ವರ್ಷ ನನ್ನ ಪಾಲಿಗೆ ಬಂದಿದ್ದೆಲ್ಲ ನಟ ನಟಿಯರಿರುವ ಸಿನಿಮಾಗಳು. ಮೂರನೇ ವರ್ಷ ಒಂದು ಹಳೇ ವಿದೇಶಿ ಕಾರ್ಟೂನಿನ ರೀಲು ಬಂತು. ಕರಾರಿಗೆ ಸಹಿ ಹಾಕಿದ್ದೇನೆ, ಹೆಸರು ಹೇಳುವ ಹಾಗಿಲ್ಲ. ಇದು ಸುಲಭ ಅಂದುಕೊಂಡೆ. ಸಪಾಟಾದ ಬಣ್ಣ, ಸ್ಪಷ್ಟ ಗೆರೆ. ಕಪ್ಪು ಚುಕ್ಕೆ ಎಲ್ಲಿದ್ದರೂ ಎದ್ದು ಕಾಣುತ್ತದೆ, ಅಲ್ವಾ?

ರಾತ್ರಿ ಪಾಳಿಯಲ್ಲಿ ಒಂದು ಕುಲುಮೆಯ ಶಾಟ್ ತೆಗೆದುಕೊಂಡೆ. ಕಬ್ಬಿಣಕ್ಕೆ ಸುತ್ತಿಗೆ ಬೀಳುತ್ತದೆ, ಕಿಡಿ ಹಾರುತ್ತದೆ. ಆಟೋಮ್ಯಾಟಿಕ್ ಕ್ಲೀನಪ್ಪನ್ನು ಜಾಸ್ತಿ ಮಟ್ಟಕ್ಕೆ ಇಟ್ಟು ಓಡಿಸಿದೆ. ಉಳಿದ ಚುಕ್ಕೆಗಳನ್ನು ಕೈಯಿಂದ ತೆಗೆದೆ. ಬೆಳಗಿನ ಜಾವಕ್ಕೆ ಪರದೆ ಕನ್ನಡಿಯ ಹಾಗೆ ಕಂಡಿತು. ತೃಪ್ತಿಯಿಂದ ಮನೆಗೆ ಹೋದೆ.

ಮಾರನೇ ದಿನ ಸೀನಿಯರ್ ಕರೆದರು. ಅವರು ಹೊಸೂರಿನವರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. "ಬಾಮ್ಮ ಇಲ್ಲಿ. ಕಿಡಿ ಎಲ್ಲಿ ಹೋಯ್ತು ಹೇಳು," ಅಂದರು. ಮೂಲ ಫ್ರೇಮು, ನಾನು ಕೊಟ್ಟ ಫ್ರೇಮು, ಎರಡನ್ನೂ ಒಂದರ ಮೇಲೊಂದು ಬದಲಾಯಿಸಿ ತೋರಿಸಿದರು. ಮೂಲದಲ್ಲಿ ಹದಿನಾಲ್ಕು ಕಿಡಿ ಇದ್ದವು. ನನ್ನದರಲ್ಲಿ ಮೂರು. ಸುತ್ತಿಗೆ ಬೀಳುತ್ತಿತ್ತು, ಕಬ್ಬಿಣ ಸುಮ್ನೆ ಬಿದ್ದಿತ್ತು.

"ಅಣ್ಣ, ಇದು ನನಗೆ ಗೊತ್ತೇ ಆಗಲಿಲ್ಲ," ಅಂದೆ. ಅವರು ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿಕೊಂಡರು. ಆ ಮಧ್ಯಾಹ್ನ ಕಲಿತಷ್ಟನ್ನು ನಾನು ಬೇರೆಲ್ಲೂ ಕಲಿತಿಲ್ಲ.

ಯಂತ್ರಕ್ಕೆ ಧೂಳು ಅಂದರೆ ಏನು? ಹಿಂದಿನ ಫ್ರೇಮಿನಲ್ಲಿ ಇಲ್ಲದ, ಮುಂದಿನ ಫ್ರೇಮಿನಲ್ಲೂ ಇಲ್ಲದ, ನಡುವೆ ಒಂದೇ ಫ್ರೇಮಿನಲ್ಲಿ ಕಂಡು ಹೋಗುವ ಚುಕ್ಕೆ. ಫಿಲ್ಮಿನ ಮೇಲೆ ಕೂತ ಧೂಳಿಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಆದರೆ ಕಲಾವಿದ ಬರೆದ ಕಿಡಿಯೂ ಹಾಗೇ ಒಂದು ಫ್ರೇಮಿಗೆ ಬಂದು ಹೋಗುತ್ತದೆ. ಮಳೆಹನಿ, ನಕ್ಷತ್ರದ ಮಿನುಗು, ಮಾಯಾದಂಡದಿಂದ ಉದುರುವ ಪುಡಿ, ಎಲ್ಲವೂ ಹಾಗೇ.

ಇದರ ತಿರುವುಮುರುವೂ ಇದೆ. ಹಳೇ ಕಾರ್ಟೂನುಗಳಲ್ಲಿ ಚಿತ್ರವನ್ನು ಸೆಲ್ ಅನ್ನುವ ಪಾರದರ್ಶಕ ಹಾಳೆಯ ಮೇಲೆ ಇಂಕಿನಲ್ಲಿ ಎಳೆದು, ಹಿಂಬದಿಯಿಂದ ಬಣ್ಣ ತುಂಬುತ್ತಿದ್ದರು. ಅದನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು, ಗಾಜಿನಿಂದ ಒತ್ತಿ ಫೋಟೋ ತೆಗೆಯುತ್ತಿದ್ದರು. ಬಹಳಷ್ಟು ಕಡೆ ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ತೆಗೆಯುತ್ತಿದ್ದರು. ಇದಕ್ಕೆ 'ಟೂಸ್' ಅನ್ನುತ್ತಾರೆ. ಅವತ್ತು ಸೆಲ್ಲಿನ ಮೇಲೆ ಕೂತಿದ್ದ ಧೂಳು ಆ ಎರಡೂ ಫ್ರೇಮಿನಲ್ಲಿ ಕಾಣುತ್ತದೆ. ಹಿನ್ನೆಲೆಯ ಮೇಲೆ ಬಿದ್ದಿದ್ದರೆ ಇಡೀ ಶಾಟಿನಲ್ಲಿ ಕಾಣುತ್ತದೆ. ಅದು ಚಿತ್ರದ್ದೇ ಭಾಗ ಅಂತ ಯಂತ್ರ ಬಿಟ್ಟುಬಿಡುತ್ತದೆ. ಇರಬೇಕಾದ ಕಿಡಿ ಹೋಗುತ್ತದೆ, ಹೋಗಬೇಕಾದ ಕೂದಲೆಳೆ ಉಳಿಯುತ್ತದೆ.

ಆಮೇಲಿಂದ ನನ್ನ ರೀತಿಯೇ ಬೇರೆ ಆಯಿತು. ಪೆನ್ ಮುಟ್ಟುವ ಮೊದಲು ಶಾಟನ್ನು ಪೂರ್ತಿ ವೇಗದಲ್ಲಿ ಮೂರು ಸಲ ನೋಡುತ್ತಿದ್ದೆ. ಏನು ಹಾರುತ್ತದೆ, ಏನು ಮಿನುಗುತ್ತದೆ ಅಂತ ಗುರುತು ಹಾಕಿಕೊಳ್ಳುತ್ತಿದ್ದೆ. ಯಂತ್ರ ಆ ಜಾಗಗಳನ್ನು ಮುಟ್ಟದ ಹಾಗೆ ಮಾಸ್ಕ್ ಹಾಕಿ, ಆಟೋಮ್ಯಾಟಿಕ್ ಕ್ಲೀನಪ್ಪನ್ನು ಉಳಿದ ಕಡೆಗೆ ಮಾತ್ರ, ಅದೂ ಕಡಿಮೆ ಮಟ್ಟದಲ್ಲಿ ಓಡಿಸುತ್ತಿದ್ದೆ. ಮಿಕ್ಕಿದ್ದು ಕೈಕೆಲಸ. ಟೂಸ್ ಇದ್ದರೆ ಜೋಡಿ ಫ್ರೇಮು ದೊಡ್ಡ ವರ. ಒಂದರಲ್ಲಿ ಫಿಲ್ಮಿನ ಧೂಳು ಬಿದ್ದಿದ್ದರೆ ಅದರ ಜೋಡಿಯಲ್ಲಿ ಅದೇ ಚಿತ್ರ ಚೊಕ್ಕಟವಾಗಿ ಸಿಗುತ್ತದೆ, ಗ್ರೇನ್ (ಫಿಲ್ಮಿನಲ್ಲೇ ಇರುವ ಮರಳಿನಂಥ ಸಣ್ಣ ಕಣ) ಮಾತ್ರ ಬೇರೆ. ಕ್ಯಾಮೆರಾದ ಕೆಳಗೆ ಹಿನ್ನೆಲೆಯನ್ನು ಸರಿಸುತ್ತಾ ತೆಗೆದಿದ್ದರೆ ಮಾತ್ರ ಈ ಉಪಾಯ ಅಷ್ಟು ಸಲೀಸಲ್ಲ. ಪಾತ್ರ ನಿಂತಲ್ಲೇ ಇರುತ್ತದೆ, ಹಿಂದಿನ ಮರ ಜರುಗಿರುತ್ತದೆ.

ಕೊನೆಯಲ್ಲಿ ಡಿಫರೆನ್ಸ್ ನೋಡಬೇಕು. ಮೂಲ ಫ್ರೇಮಿನಿಂದ ಕ್ಲೀನ್ ಮಾಡಿದ ಫ್ರೇಮನ್ನು ಕಳೆಯುವುದು. ಎರಡರಲ್ಲೂ ಒಂದೇ ಇದ್ದದ್ದು ಕಪ್ಪಾಗುತ್ತದೆ, ನಾನು ತೆಗೆದದ್ದು ಮಾತ್ರ ಬೆಳ್ಳಗೆ ಕಾಣುತ್ತದೆ. ಕಪ್ಪಿನ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಸರಿ. ಒಂದು ಸಲ ಆ ಕಪ್ಪಿನಲ್ಲಿ ಕಿರುಬೆರಳಿನ ಆಕಾರ ಮಸುಕಾಗಿ ಕಂಡಿತು. ಚಿಕ್ಕ ಬಿಳಿ ಗೆರೆ, ಉಗುರಿನ ತುದಿಯಲ್ಲಿ ಬಾಗಿತ್ತು. ಪಾತ್ರದ ಬೆರಳಿನ ಗೆರೆಯನ್ನೇ ನಾನು ತೆಗೆದುಬಿಟ್ಟಿದ್ದೆ. ಹೊಟ್ಟೆಯಲ್ಲಿ ತಣ್ಣಗಾಯಿತು. ಕೂಡಲೇ ವಾಪಸ್ ಹಾಕಿದೆ.

ಅಂಥ ಗೆರೆ ಎಳೆದವರು ಯಾರು ಅಂತ ತಿಳಿದುಕೊಳ್ಳಬೇಕು ಅನ್ನಿಸಿದ್ದು ಆಗಲೇ. ಡಿಸ್ನಿಯಲ್ಲಿ ಇಂಕ್ ಅಂಡ್ ಪೇಂಟ್ ವಿಭಾಗದಲ್ಲಿ ಇದ್ದವರು ಹೆಚ್ಚಿನಂಶ ಹೆಣ್ಣುಮಕ್ಕಳು. ಅನಿಮೇಟರನ ಪೆನ್ಸಿಲ್ ಗೆರೆಯ ಮೇಲೆ ಸೆಲ್ ಇಟ್ಟು, ನಿಬ್ಬಿನಿಂದ ಒಂದೇ ಉಸಿರಿಗೆ ಎಳೆಯಬೇಕು. 1961ರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್' ಹೊತ್ತಿಗೆ ಪೆನ್ಸಿಲ್ ಗೆರೆಯನ್ನು ಜೆರಾಕ್ಸ್ ಮಾಡಿಯೇ ಸೆಲ್ಲಿಗೆ ಇಳಿಸತೊಡಗಿದರು. ಅದಕ್ಕೆ ಮುಂಚಿನ ದೊಡ್ಡ ಚಿತ್ರಗಳಲ್ಲಿ ಗೆರೆ ಎಂದರೆ ಆ ಹೆಂಗಸರ ಕೈ. ಅವರು ಎಲ್ಲಕ್ಕೂ ಕಪ್ಪು ಇಂಕು ಬಳಸುತ್ತಿರಲಿಲ್ಲ. ಚರ್ಮದ ಸುತ್ತ ಕಂದು, ಬಟ್ಟೆಯ ಸುತ್ತ ಅದರದೇ ಬಣ್ಣದ ಸ್ವಲ್ಪ ಗಾಢವಾದ ಇಂಕು. ಗ್ರೇನ್ ಅಳಿಸುವ ನಾಯ್ಸ್ ರಿಡಕ್ಷನ್ ಮೊದಲು ತಿನ್ನುವುದು ಇಂಥ ಗೆರೆಯನ್ನೇ. ಗೆರೆಗೂ ಒಳಗಿನ ಬಣ್ಣಕ್ಕೂ ವ್ಯತ್ಯಾಸ ಕಡಿಮೆ ನೋಡಿ, ಗ್ರೇನ್ ಜೊತೆಗೆ ಅದೂ ಹೊರಟುಹೋಗುತ್ತದೆ.

1950ರ 'ಸಿಂಡರೆಲ್ಲಾ' ಇದಕ್ಕೆ ಒಳ್ಳೆಯ ಉದಾಹರಣೆ. ಇದರ 2012ರ ಬ್ಲೂ-ರೇ ಬಂದಾಗ ಬಟ್ಟೆಯ ಮಡಿಕೆಗಳ ಗೆರೆ ಅಲ್ಲಲ್ಲಿ ಮಾಯವಾಗಿದೆ ಅಂತ ನೋಡುಗರು ಎತ್ತಿ ತೋರಿಸಿದ್ದರು. ಆಮೇಲೆ ನೈಟ್ರೇಟ್ ಅನ್ನುವ ಹಳೇ ಬಗೆಯ ಫಿಲ್ಮಿನ ನೆಗೆಟಿವ್‌ನಿಂದ ಹೊಸದಾಗಿ 4ಕೆ ರೆಸ್ಟೋರೇಷನ್ ಮಾಡಿದರು. ಎರಿಕ್ ಗೋಲ್ಡ್‌ಬರ್ಗ್, ಮೈಕೆಲ್ ಜಿಯಾಮೊ ಅಂಥ ಕಲಾವಿದರು ಜೊತೆಗಿದ್ದು ಸಲಹೆ ಕೊಟ್ಟರು. 2023ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದನ್ನು ಮೊದಲು ತೋರಿಸಿದರು. ಚಿತ್ರ ಬರೆಯುವವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದು ನನಗೆ ಬಹಳ ಹಿಡಿಸಿತು. ಇದು ಕಿಡಿಯೋ ಕೊಳೆಯೋ ಅಂತ ಹೇಳಬಲ್ಲವರು ಅವರೇ.

ಆ ಕಾಲದ ಕಾರ್ಟೂನಿನ ನೆಗೆಟಿವ್ ಬಗ್ಗೆ ಒಂದು ಮಾತು. ಆಗಿನ ಬಣ್ಣದ ಪದ್ಧತಿಯಾದ ಟೆಕ್ನಿಕಲರ್‌ನಲ್ಲಿ ಒಂದೇ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿ ಮೂರು ಸಲ, ಒಂದೇ ಕಪ್ಪು ಬಿಳುಪು ಫಿಲ್ಮಿನ ಮೇಲೆ ಸಾಲಾಗಿ ತೆಗೆಯುತ್ತಿದ್ದರು. ನೆಗೆಟಿವ್ ಮೂರು ಪಟ್ಟು ಉದ್ದ. ಕಪ್ಪು ಬಿಳುಪು ಆದ್ದರಿಂದ ಮಾಸುವ ಬಣ್ಣ ಅದರಲ್ಲಿ ಇರುವುದಿಲ್ಲ. ಈಗ ಮೂರನ್ನೂ ಸ್ಕ್ಯಾನ್ ಮಾಡಿ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂಡಿಸಬೇಕು. ಫಿಲ್ಮ್ ಕುಗ್ಗಿದ್ದರೆ ಗೆರೆಯ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಇಣುಕುತ್ತದೆ. ಫಿಲ್ಮಿನ ಧೂಳೂ ಮೂರರಲ್ಲಿ ಒಂದರ ಮೇಲೆ ಮಾತ್ರ ಕೂತಿರುತ್ತದೆ. ಹಾಗಾಗಿ ಪರದೆಯ ಮೇಲೆ ಅದು ಬಣ್ಣದ ಚುಕ್ಕೆಯಾಗಿ ಕಾಣುತ್ತದೆ. ಸೆಲ್ಲಿನ ಧೂಳು ಮೂರರಲ್ಲೂ ಇರುತ್ತದೆ, ಅದಕ್ಕೆ ಅಂಥ ಬಣ್ಣ ಬರುವುದಿಲ್ಲ. ಎರಡನ್ನೂ ಬೇರೆ ಮಾಡಲು ನನಗೆ ಗೊತ್ತಿರುವ ಸುಲಭದ ಗುರುತು ಇದು.

ನಾನು ಈಗ ಮೈಸೂರಿನಲ್ಲಿದ್ದೇನೆ, ಆ ಕೆಲಸ ಬಿಟ್ಟಾಯಿತು. ಆದರೂ ಯಾರ ಮನೆಗೆ ಹೋದರೂ ಮೊದಲು ಅವರ ಟಿವಿ ಸೆಟ್ಟಿಂಗ್ ನೋಡುತ್ತೇನೆ. ರೆಸ್ಟೋರ್ ಮಾಡಿದವರು ಗೆರೆ ಉಳಿಸಿ ಕೊಟ್ಟರೂ ಟಿವಿ ಅದನ್ನು ಕೆಡಿಸಬಹುದು. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಶಾರ್ಪ್‌ನೆಸ್ ಕೆಳಗಿಳಿಸಿ, ಇಲ್ಲದಿದ್ದರೆ ಗೆರೆಯ ಪಕ್ಕ ಬಿಳಿ ಅಂಚು ಮೂಡುತ್ತದೆ. ಮೋಷನ್ ಸ್ಮೂದಿಂಗ್ ಅಂತೂ ಕಾರ್ಟೂನಿಗೆ ಬೇಡವೇ ಬೇಡ. ಎರಡು ಚಿತ್ರಗಳ ನಡುವೆ ಯಾರೂ ಬರೆಯದ ಚಿತ್ರವನ್ನು ಅದು ತಾನೇ ಹುಟ್ಟಿಸುತ್ತದೆ, ಗೆರೆ ಕಲಸಿಹೋಗುತ್ತದೆ. ಹಳೇ ಪಾಲ್ (ಭಾರತ, ಯುರೋಪಿನ ಹಳೇ ಟಿವಿ ಪದ್ಧತಿ) ಡಿವಿಡಿ ಇಟ್ಟುಕೊಂಡವರಿಗೆ ಇನ್ನೊಂದು ವಿಷಯ: ಅದರಲ್ಲಿ ಸಿನಿಮಾ ಸೆಕೆಂಡಿಗೆ 25 ಫ್ರೇಮಿನಂತೆ ಓಡುತ್ತದೆ. 83 ನಿಮಿಷದ್ದು 80 ನಿಮಿಷದೊಳಗೆ ಮುಗಿಯುತ್ತದೆ. ಬ್ಲೂ-ರೇಯಲ್ಲಿ ಮೂಲದ 24ರ ಲೆಕ್ಕ ಸಿಗುತ್ತದೆ.

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಅಕ್ಕನ ಮನೆಯಲ್ಲಿ 'ಸಿಂಡರೆಲ್ಲಾ'ದ ಹೊಸ 4ಕೆ ಡಿಸ್ಕ್ ಹಾಕಿದೆ. ಹರಿದ ಬಟ್ಟೆ ನಿಲುವಂಗಿಯಾಗುವ ದೃಶ್ಯ ಬಂತು. ಅದನ್ನು ಅನಿಮೇಟ್ ಮಾಡಿದ್ದು ಮಾರ್ಕ್ ಡೇವಿಸ್. ಮಿನುಗು ಪುಡಿ ಅವಳ ಸುತ್ತ ಸುಳಿಯುತ್ತದೆ, ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಜಾಗದಲ್ಲಿ. ನಾನು ಪಾಸ್ ಒತ್ತಿ, ಒಂದೊಂದೇ ಫ್ರೇಮು ಮುಂದೆ ಒತ್ತುತ್ತಾ ಪುಡಿ ಎಣಿಸತೊಡಗಿದೆ. ಅಕ್ಕನ ಮಗಳಿಗೆ ಒಂಬತ್ತು ವರ್ಷ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು.

"ಚಿಕ್ಕಮ್ಮ, ಕೈ ಸುತ್ತ ಇರೋ ಗೆರೆ ಕಪ್ಪಲ್ಲ. ಕಂದು!"

"ಹೌದು ಪುಟ್ಟಿ. ಎಲ್ಲಾದರೂ ತುಂಡಾಗಿದೆಯಾ ನೋಡು."

ಅವಳು ಭುಜದಿಂದ ಶುರು ಮಾಡಿ, ಗಾಜಿಗೆ ತಾಗದ ಹಾಗೆ, ಬೆರಳಿನಿಂದ ಆ ಗೆರೆಯನ್ನು ಮಣಿಕಟ್ಟಿನವರೆಗೂ ಹಿಂಬಾಲಿಸಿದಳು.