ಬಜರ್ ವಾಯರ್ ಕಡಿಯದೇ ಟ್ರೇಲರ್ ಕ್ಯಾಬಿನ್ ಶಾಂತ ಮಾಡಿದ ನನ್ನ ಅನುಭವ

ನನ್ನ ಎರಡು ಟ್ರೇಲರ್‌ಗಳಲ್ಲೂ ಈಗ ಕಾರಣ ಇಲ್ಲದೆ ಕೂಗುವ ಎಚ್ಚರಿಕೆಯ ಬಜರ್ ಒಂದೂ ಇಲ್ಲ. ವಾಯರ್ ಕಡಿದಿಲ್ಲ, ಕ್ಲಸ್ಟರ್ ಅಂದರೆ ಮೀಟರ್ ಬೋರ್ಡ್ ಬಿಚ್ಚಿಲ್ಲ. ಇಳಕಲ್, ಹುನಗುಂದ ಕಡೆಯ ಮಿಸ್ತ್ರಿಗಳು ಇದು ಆಗದ ಕೆಲಸ ಅಂದಿದ್ದರು. "ಮಾಲಕ್ರ, ಒಂದ್ ಕಟ್ಟರ್ ಹಚ್ಚಿದ್ರ ಎರಡ್ ಮಿನಿಟಿನ ಕೆಲಸ. ಯಾಕ ಇಷ್ಟ್ ತಲಿ ಕೆಡಿಸ್ಕೋತೀರಿ?" ಅಂತ ಒಬ್ಬರು ಕೇಳಿದರು. ಅವರೇ ಈಗ ಗಿರಾಕಿಗಳನ್ನು ನನ್ನ ಶೆಡ್ಡಿಗೆ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಇಳಕಲ್ಲಿನ ಕೆಂಪು ಗ್ರಾನೈಟ್ ಬ್ಲಾಕಿನ ಲೋಡು. ಒಂದು ಘನ ಮೀಟರ್ ಕಲ್ಲು ಎರಡೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಇಂಥ ಗಾಡಿಯ ಬ್ರೇಕ್ ನಡೆಯುವುದು ಗಾಳಿಯ ಒತ್ತಡದ ಮೇಲೆ, ಆ ಗಾಳಿಯ ಬಜರ್ ಬಂದ್ ಮಾಡುವುದು ಜೀವದ ಜೊತೆ ಆಟ. ಗಾಳಿ ಇಳಿಯುತ್ತಾ ಹೋದರೆ ಒಂದು ಹಂತಕ್ಕೆ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಬಿಡುತ್ತದೆ. ಅದಕ್ಕೂ ಮುಂಚೆ ಎಚ್ಚರಿಸಲಿಕ್ಕೆ ಇರುವುದೇ ಆ ಬಜರ್. ವಾಯರ್ ಕಡಿದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಗಾಡಿಯ ಡ್ರೈವರ್‌ಗೆ ಗೇಜ್ ಮುಳ್ಳು ಬಿಟ್ಟರೆ ಬೇರೆ ಗತಿ ಇಲ್ಲ. ರಾತ್ರಿ ಎರಡು ಗಂಟೆಗೆ ಮುಳ್ಳು ಯಾರು ನೋಡುತ್ತಾರೆ?

ಮೊದಲು ದುಡ್ಡಿನ ಮಾತು. ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಲ್ಲಿ ಯೂರಿಯಾ, ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವದ ಬಜರ್ ಕೂಗಿತು. ಟ್ಯಾಂಕ್ ತುಂಬಿದ್ದರೂ ಕೂಗು ನಿಲ್ಲಲಿಲ್ಲ. ವರ್ಕ್‌ಶಾಪ್‌ನಲ್ಲಿ ಲೆವೆಲ್ ಸೆನ್ಸರ್ ಹೋಗಿದೆ ಅಂತ ಹದಿನೈದು ಸಾವಿರದ ಹತ್ತಿರ ತೆಗೆದುಕೊಂಡರು. ಒಂದು ವಾರ ಸುಮ್ಮನಿತ್ತು, ಮತ್ತೆ ಶುರು. ಆಮೇಲೆ ಗಾಳಿಯ ಬಜರ್‌ಗೆ ಅಂತ ಪ್ರೆಶರ್ ಸ್ವಿಚ್ ಎರಡು ಸಲ ಬದಲಾಯಿತು, ಗಾಳಿಯ ತೇವ ತೆಗೆಯುವ ಡ್ರೈಯರ್ ಕಾರ್ಟ್ರಿಡ್ಜ್ ಹೊಸದು ಬಂತು. ಕೂಲಿ ಸೇರಿ ಒಟ್ಟು ಮೂವತ್ತು ಸಾವಿರ ದಾಟಿತ್ತು. ಗಾಡಿ ನಿಂತ ದಿನಗಳ ಬಾಡಿಗೆ ಇದರಲ್ಲಿ ಸೇರಿಲ್ಲ. ಕೊನೆಗೆ ಗುಣ ಮಾಡಿದ ಸಾಮಾನಿನ ಖರ್ಚು ಒಂದು ಗಾಡಿಗೆ ಏಳೆಂಟು ನೂರು ರೂಪಾಯಿ ಅಷ್ಟೇ.

ಎಲ್ಲರೂ ಯಾವ ಬಜರ್ ಕೂಗಿತು ಅಂತ ಕೇಳುತ್ತಾರೆ. ನಾನು ಯಾವಾಗ ಕೂಗಿತು ಅಂತ ಕೇಳಲು ಶುರು ಮಾಡಿದೆ. ಡ್ರೈವರ್‌ಗೆ ಟ್ರಿಪ್ ಶೀಟಿನ ಹಿಂಬದಿಯಲ್ಲೇ ಬರೆಯಲು ಹೇಳಿದೆ. ಹೆಡ್‌ಲೈಟ್ ಹತ್ತಿತ್ತಾ? ವೈಪರ್ ಓಡುತ್ತಿತ್ತಾ? ಲೋಡ್ ಇತ್ತಾ, ಖಾಲಿನಾ? ಗಾಡಿ ತೊಳೆಸಿದ ಮೇಲೆ ಶುರುವಾಯಿತಾ? ಅವನಿಗೆ ಮೊದಲು ಬೇಸರ ಬಂತು. ಒಂದೆರಡು ಟ್ರಿಪ್ ಆದ ಮೇಲೆ ಅವನೇ ಬಂದು, "ಮಾಲಕ್ರ, ಕುಷ್ಟಗಿ ದಾಟಿದ ಮ್ಯಾಲೆ ಲೈಟ್ ಹಚ್ಚಿದಾಗ ಅಷ್ಟ ಹೊಡೀತೈತ್ರಿ, ಹಗಲೊತ್ತು ಇಲ್ಲ" ಅಂದ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಲೈಟ್ ಹಚ್ಚಿದಾಗ ಮಾತ್ರ ಬೇರೆ ಬೇರೆ ವಾರ್ನಿಂಗ್ ಬಂದು ಹೋದರೆ ಸೆನ್ಸರ್ ಮುಟ್ಟಬೇಡಿ, ಮೊದಲು ಅರ್ಥಿಂಗ್, ಅಂದರೆ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ ನೋಡಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕ್ಯಾಬಿನ್ ಬಾಡಿಗೆ ಇಡಿ. ಎಲ್ಲ ಲೈಟ್ ಹಚ್ಚಿ, ವೈಪರ್, ಬ್ಲೋವರ್ ಓಡಿಸಿ. ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ನನ್ನ ಗಾಡಿಯಲ್ಲಿ ಒಂದು ವೋಲ್ಟಿನ ಆಸುಪಾಸು ಬಂತು. ಕ್ಯಾಬಿನ್ನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದೆ. ವಾಷರ್ ಅಡಿಯಲ್ಲಿ ಬಣ್ಣ, ಅದರ ಮೇಲೆ ತುಕ್ಕು, ಅದರ ಮೇಲೆ ಕೆಂಪು ಕಲ್ಲಿನ ಪುಡಿ ಗಟ್ಟಿ ಕೂತಿತ್ತು. ಪಟ್ಟಿಯ ತಾಮ್ರದ ಎಳೆಗಳು ಅರ್ಧಕ್ಕರ್ಧ ಹಸಿರಾಗಿ ಮುರಿದಿದ್ದವು. ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ನೂರೈವತ್ತು ರೂಪಾಯಿಯ ಹೊಸ ಪಟ್ಟಿ ಹಾಕಿದೆ. ಮೂರು ಬಗೆಯ ಕೂಗು ಒಂದೇ ಏಟಿಗೆ ನಿಂತಿತು.

ಯೂರಿಯಾದ್ದು ಬೇರೆ ಕಥೆ. ಟ್ಯಾಂಕಿನ ಮೇಲಿನ ಕಪ್ಲರ್, ಅಂದರೆ ವಾಯರ್ ಜೋಡಿಸುವ ಪ್ಲಗ್ ತೆಗೆದರೆ ಪಿನ್ನುಗಳ ಬುಡದಲ್ಲಿ ಬಿಳಿ ಪುಡಿ. ಡಿಇಎಫ್‌ನಲ್ಲಿ ಯೂರಿಯಾ ನೂರಕ್ಕೆ 32.5 ಭಾಗ. ನೀರು ಆರಿದರೆ ಉಳಿಯುವುದು ಈ ಹರಳೇ. ತಾಮ್ರವನ್ನೂ ತಿನ್ನುತ್ತದೆ. ಕಾಂಟ್ಯಾಕ್ಟ್ ಸ್ಪ್ರೇ ಹೊಡೆದೆ, ಹರಳು ಕದಲಲಿಲ್ಲ. ಪೆಟ್ರೋಲಿಗೂ ಕರಗಲಿಲ್ಲ. ನೀರಿಗೆ ಕರಗುತ್ತದೆ, ಬಿಸಿ ನೀರಾದರೆ ಬೇಗ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಿಸಿ ಮಾಡಿ, ಮೆತ್ತನೆಯ ಬ್ರಷ್‌ನಿಂದ ತೊಳೆದು, ಗಾಳಿ ಹೊಡೆದು, ಬಿಸಿಲಿಗೆ ಇಟ್ಟೆ. ಕಪ್ಲರ್ ತೆಗೆಯುವ ಮುಂಚೆ ಬ್ಯಾಟರಿ ಕಟ್-ಆಫ್ ಮಾಡುವುದು ನಿಮಗೆ ಗೊತ್ತೇ ಇದೆ. ಪಿನ್ ಬಿಗಿ ಮಾಡಿ ಹಾಕಿದ ಮೇಲೆ ಒಂದು ಮಳೆಗಾಲ ಕಳೆದಿದೆ, ಒಂದು ಸಲವೂ ಕೂಗಿಲ್ಲ. ಕಪ್ಲರ್ ರಬ್ಬರಿಗೆ ವ್ಯಾಸಲಿನ್ ಜೊತೆ ಇನ್ನೊಂದು ವಸ್ತು ಸೇರಿಸಿ ಹಚ್ಚುತ್ತೇನೆ. ಅದರ ಹೆಸರು ನನ್ನ ಹತ್ತಿರವೇ ಇರಲಿ.

ಅತಿ ಹೆಚ್ಚು ದಿನ ತಿಂದದ್ದು ಗಾಳಿಯ ಬಜರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಟು ಹತ್ತು ನಿಮಿಷ ಬಿಡದೆ ಕೂಗುತ್ತಿತ್ತು. ನಮ್ಮ ಗಾಡಿಯಲ್ಲಿ ಸುಮಾರು ಐದು ಬಾರ್ ಏರಿದ ಮೇಲೆ ನಿಲ್ಲುತ್ತದೆ. ಸ್ವಿಚ್ ಕೆಟ್ಟಿಲ್ಲ, ರಾತ್ರಿ ಗಾಳಿಯೇ ಇಳಿಯುತ್ತಿದೆ ಅಂತ ನನಗೆ ಅನುಮಾನ. ಒಂದು ರಾತ್ರಿ ಟ್ರೇಲರ್ ಬಿಟ್ಟು ಮುಂದಿನ ಗಾಡಿ ಮಾತ್ರ ನಿಲ್ಲಿಸಿದೆ. ಬೆಳಿಗ್ಗೆ ಒಂದು ನಿಮಿಷದಲ್ಲಿ ಸುಮ್ಮನಾಯಿತು. ಟ್ರೇಲರ್ ಹಚ್ಚಿ ನಿಲ್ಲಿಸಿದ ಮರುದಿನ ಮತ್ತೆ ಅಷ್ಟೇ ಹೊತ್ತು. ಲೀಕ್ ಹಿಂದೆಯೇ ಇದೆ ಅಂತ ಖಾತ್ರಿಯಾಯಿತು.

ಸೋಪಿನ ನೀರು ಹಿಡಿದು ಇಂಜಿನ್ ಬಂದ್ ಮಾಡಿ ಕೂತೆ. ಟ್ರೇಲರ್‌ಗೆ ಗಾಳಿ ಕೊಡುವ ಕೆಂಪು ಪೈಪಿನ ಜೋಡಣೆ, ಅಂದರೆ ಪಾಮ್ ಕಪ್ಲಿಂಗ್ ಮೇಲೆ ಸಾಸಿವೆ ಗಾತ್ರದ ಗುಳ್ಳೆ ಏಳುತ್ತಿತ್ತು, ಅದೂ ಬಹಳ ನಿಧಾನ. ಒಳಗಿನ ರಬ್ಬರ್ ತೆಗೆದು ಬೆರಳಾಡಿಸಿದರೆ ಗ್ರಾನೈಟ್ ಪುಡಿ ಕೊರೆದ ಗೆರೆ ಸಿಕ್ಕಿತು. ರಬ್ಬರಿಗೆ ನಲವತ್ತು ರೂಪಾಯಿ. ಇನ್ನೊಂದು ಲೀಕ್ ಹಿಂದಿನ ಆಕ್ಸಲ್ಲಿನ ಬ್ರೇಕ್ ಚೇಂಬರ್ ಪೈಪಿನ ನಿಪ್ಪಲ್‌ನಲ್ಲಿತ್ತು. ಈಗ ಬೆಳಿಗ್ಗೆ ಎರಡು ನಿಮಿಷದೊಳಗೆ ಬಜರ್ ನಿಲ್ಲುತ್ತದೆ. ಟ್ರೇಲರ್ ಬಿಟ್ಟಾಗ ಕಪ್ಲಿಂಗ್ ಬಾಯಿಗೆ ಹಳೇ ಟ್ಯೂಬಿನ ತುಂಡು ಕಟ್ಟುವುದು ನಮ್ಮಲ್ಲಿ ಕಡ್ಡಾಯ. ಖಣಿಯಲ್ಲಿ ನಿಲ್ಲುವ ಗಾಡಿಗೆ ಇದು ಬೇಕೇ ಬೇಕು.

ನಡುವೆ ಒಂದು ಪ್ರಯೋಗ ಮಾಡಿದೆ. ಬೆಳಗಿನ ಕೂಗು ತಪ್ಪಿಸಲು 24 ವೋಲ್ಟಿನ ಟೈಮರ್ ರಿಲೇ ಹಾಕಿ, ಬಜರ್ ತಡವಾಗಿ ಶುರುವಾಗುವಂತೆ ಮಾಡಿದೆ. ಕಿವಿಗೆ ಹಿತ ಆಯಿತು. ಆದರೆ ಎಷ್ಟು ಹೊತ್ತು ಕೂಗುತ್ತದೆ ಅನ್ನುವುದೇ ಲೀಕಿನ ಅಳತೆ ಅಲ್ವಾ? ಆ ಲೆಕ್ಕ ಕೈತಪ್ಪುತ್ತದೆ. ಇನ್ನೂ ದೊಡ್ಡ ಮಾತು, ಓಡುವಾಗ ಗಾಳಿ ಇಳಿದರೂ ತಡವಾಗಿಯೇ ಕೂಗುತ್ತದೆ. ನಾಲ್ಕೇ ದಿನಕ್ಕೆ ಕಿತ್ತು ಹಾಕಿದೆ. ಆರು ನೂರು ರೂಪಾಯಿಯ ರಿಲೇ ಈಗಲೂ ಡಬ್ಬಿಯಲ್ಲಿದೆ.

ಹಳೇ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್, ಬಾಗಿಲು, ಗಾಳಿ ಮೂರಕ್ಕೂ ಡ್ಯಾಶ್ ಕೆಳಗೆ ಒಂದೇ ಬಜರ್ ಇತ್ತು. ಬಾಗಿಲು ತೆಗೆದರೂ ಅದೇ ಕೂಗು, ಗಾಳಿ ಇಳಿದರೂ ಅದೇ ಕೂಗು. ಡ್ರೈವರ್ ಯಾವುದಕ್ಕೂ ಬೆಲೆ ಕೊಡುವುದಿಲ್ಲ. ಅದಕ್ಕೆ ಎರಡು ಮಾಡಿದೆ. ಗಾಳಿಗೆ ಹಳೇ ಬಜರನ್ನೇ ಪೂರ್ತಿ ಜೋರಿನಲ್ಲಿ ಬಿಟ್ಟೆ. ಬಾಗಿಲು, ಹ್ಯಾಂಡ್‌ಬ್ರೇಕ್‌ಗೆ ನೂರು ರೂಪಾಯಿಯ ಸಣ್ಣ ಪೀಜೋ ಬಜರ್ ಹಾಕಿ, ಕೂಗು ಸಣ್ಣದಾಗಲು ಸೀರೀಸ್‌ನಲ್ಲಿ ಒಂದು ಕಿಲೋ ಓಮಿನ ಆಸುಪಾಸಿನ ರೆಸಿಸ್ಟರ್ ಕೊಟ್ಟೆ. ಬಜರ್‌ನಿಂದ ಬಜರ್‌ಗೆ ಇದು ಬದಲಾಗುತ್ತದೆ, ಹಾಕಿ ಕೇಳಿ ನೋಡಬೇಕು. ಪ್ರತಿ ಸ್ವಿಚ್ಚಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು 1ಎನ್4007 ಡಯೋಡ್ ಬೇಕು. ಇಲ್ಲದಿದ್ದರೆ ಒಂದರ ಲ್ಯಾಂಪ್ ಇನ್ನೊಂದರ ಜೊತೆ ಹತ್ತುತ್ತದೆ. ಹೊಸ ಗಾಡಿಯಲ್ಲಿ ಬಜರ್ ಕ್ಲಸ್ಟರ್ ಒಳಗೇ ಇರುವುದರಿಂದ ಈ ಆಟ ನಡೆಯುವುದಿಲ್ಲ, ನಡೆಸಬಾರದು. ಅಲ್ಲಿ ಕಾರಣ ಹುಡುಕುವುದೊಂದೇ ದಾರಿ.

ಸೀಟ್ ಬೆಲ್ಟಿನದು ಬಹಳ ಜನ ಕೇಳುತ್ತಾರೆ. ಬೆಲ್ಟ್ ಹಾಕದೆ ಬಜರ್ ನಿಲ್ಲಿಸಲು ಬಕಲ್‌ಗೆ ಖಾಲಿ ಕ್ಲಿಪ್ ಸಿಕ್ಕಿಸುವುದು ನನ್ನ ಶೆಡ್ಡಿನಲ್ಲಿ ಇಲ್ಲ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆ ಕ್ಲಿಪ್‌ಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ಬೆಲ್ಟ್ ಹಾಕಿದ ಮೇಲೂ ಕೂಗಿದರೆ ಬಹಳ ಸಲ ಬಕಲ್ ಒಳಗೆ ಧೂಳು ಇರುತ್ತದೆ. ಮೊದಲು ಗಾಳಿ ಹೊಡೆದು ನೋಡಿ.

ಇನ್ನು ಕ್ಯಾಬಿನ್ ಎತ್ತುವ ಹಿಂಜಿನ ಹತ್ತಿರ ವಾಯರ್ ಒಳಗೊಳಗೇ ಮುರಿಯುವ ಕೇಸು. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ, ಕ್ಯಾಬಿನ್ ಎತ್ತಿ ಇಳಿಸಿದ ಮೇಲೆ ಹೊಸ ಕೂಗು ಶುರುವಾದರೆ ಇದೇ ಅಂತ ತಿಳಿಯಿರಿ. ಇದಕ್ಕೆ ನಾನು ವಾಯರ್ ಸುತ್ತಿಸಿ ತರುವ ದಾರಿಯೊಂದನ್ನು ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಗಾಡಿ ತಂದರೆ ಮಾಡಿ ಕೊಡುತ್ತೇನೆ, ಅರ್ಧ ದಿನದ ಕೆಲಸ. ಬರುವಾಗ ಡ್ರೈವರ್ ಬರೆದ ಟ್ರಿಪ್ ಶೀಟ್ ಮರೆಯದೆ ತನ್ನಿ.